ಪೀಠದ ತಗಡು

“ಗುರುಜು ಬಂದು ಬುದ್ಧನ ಜೀವಾನ ಕಲಶದ ನೀರಿಗೆ ಇಳಿಸೋ ತನಕ ಪೀಠದ ತಗಡು ಮುಟ್ಟಬೇಡಮ್ಮ,” ಎಂದು ಹೇರಾಕಾಜಿ ಸೊಸೆಗೆ ಎರಡೆರಡು ಸಲ ಹೇಳಿದರು. “ನೂರು ವರ್ಷದಿಂದ ರೋಗಿಗಳ ನೋವು ಹೀರಿರೋ ಹೊಟ್ಟೆ ಅದು.”

“ಹೊಟ್ಟೇಲಿರೋದು ಮಂತ್ರದ ಕಾಗದ, ಧೂಪದ ಪುಡಿ. ಅದಕ್ಕೂ ಜ್ವರ ಬರುತ್ತಾ ಮಾವ?” ಸುಮಿನಾ ನಕ್ಕಳು.

ನೇಪಾಳದ ಪಾಟನ್ನಿನ ವಿಗ್ರಹ ಎರಕದ ಮನೆಗೆ ಅವಳು ಸೊಸೆಯಾಗಿ ಬಂದು ನಾಲ್ಕು ತಿಂಗಳು. ಕಾಲೇಜಿನಲ್ಲಿ ಲೋಹವಿಜ್ಞಾನ ಓದಿದವಳು. ಮನೆಯವರ ಮಡಿ, ಮಂತ್ರಗಳೆಂದರೆ ತಮಾಷೆ. ದುರಸ್ತಿಗೆ ಬಂದಿದ್ದ, ರೋಗ ಕಳೆಯುವ ಭೈಷಜ್ಯ ಬುದ್ಧ ಬಲಗೈಯಲ್ಲಿ ಅಳಲೆಕಾಯಿ ಹಿಡಿದು ಶಾಂತವಾಗಿ ಕೂತಿದ್ದ. ಪೀಠದ ಅಡಿಯನ್ನು ಮುಚ್ಚಿದ್ದ ತಾಮ್ರದ ತಗಡು ಸಡಿಲವಾಗಿತ್ತು. ಪುರೋಹಿತ ಗುರುಜುವನ್ನು ಕರೆತರಲು ಮಾವ ಹೋಗಿ ಒಂದು ಗಂಟೆಯಾಯಿತು. ಎಷ್ಟೆಂದು ಕಾಯುವುದು? ಅವಳು ವಿಗ್ರಹವನ್ನು ಮಗ್ಗುಲಿಗೆ ಮಲಗಿಸಿ ಉಳಿ ಹಾಕಿ ತಗಡನ್ನು ಮೀಟಿದಳು.

ಮೊದಲು ಧೂಪದ ಪರಿಮಳ ಬಂತು. ಅದರ ಹಿಂದೆಯೇ ಬೆವರಿನಲ್ಲಿ ನೆನೆದ ಹಾಸಿಗೆಯ ನಾತ, ಕೀವಿನ ನಾತ. ಮಟಮಟ ಮಧ್ಯಾಹ್ನವೇ ಕುಲುಮೆಯ ಕೆಂಡ ಕಪ್ಪಿಟ್ಟಿತು. ಬುದ್ಧನ ಹೊಟ್ಟೆಯೊಳಗೆ ಯಾರೋ ಕೆಮ್ಮಿದರು. ಮುದುಕಿಯ ಕೆಮ್ಮು. ಆಮೇಲೆ ಕೂಸಿನದು. ಆಮೇಲೆ ಒಂದು ಮನೆ ತುಂಬುವಷ್ಟು ಜನ ಒಟ್ಟಿಗೆ.

ಸುಮಿನಾ ಉಳಿ ಎಸೆದಳು. ತಗಡನ್ನು ಒತ್ತಿದಳು. ಅದು ಕೂರಲಿಲ್ಲ.

ಅಟ್ಟದಲ್ಲಿ ಮೆರುಗು ಹಾಕುತ್ತಿದ್ದ ಗಂಡ ಪುಷ್ಪರತ್ನ ಇಳಿದು ಬಂದ. “ಏನೇ ಇದು ವಾಸನೆ?” ಎಂದವನ ಗಂಟಲು ಅಲ್ಲೇ ಕಟ್ಟಿತು. ಮೆಟ್ಟಿಲಿನಿಂದ ಉರುಳಿದ. ಮೈ ಕಾದ ಕಬ್ಬಿಣ. ತುಟಿ ನೀಲಿ. ಅವನ ಬಾಯಿಂದ ಮುದುಕಿ ಕೆಮ್ಮುತ್ತಿದ್ದಳು.

ಮಾವನ ಜೊತೆ ಒಳಗೆ ಕಾಲಿಟ್ಟ ಗುರುಜುವಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

“ಕಲಶಕ್ಕೆ ಇಳೀಬೇಕಾದ್ದು ಮನುಷ್ಯನೊಳಗೆ ಇಳಿದಿದೆ. ತೆರೆದವರ ಉಸಿರಲ್ಲೇ ಅದು ವಾಪಸ್ ಹೋಗಬೇಕು. ಅವನ ಬಾಯಿಂದ ಎಳಕೋ, ಬುದ್ಧನ ಹೊಟ್ಟೆಗೆ ಊದು. ಜೊತೇಲಿ ನಿನ್ನದೇನು ಹೋಗುತ್ತೋ ನಾನು ಹೇಳಲಾರೆ ಮಗಳೇ.”

“ಏನು ಬೇಕಾದ್ರೂ ಹೋಗಲಿ!” ಎಂದಳು ಸುಮಿನಾ.

ಎಳೆದಳು. ಎದೆಯೊಳಗೆ ಉಗುರುಗಳು ಹರಿದಾಡಿದವು. ಊದಿದಳು. ಮತ್ತೆ ಎಳೆದಳು. ಮತ್ತೆ ಊದಿದಳು. ಮಾವ ತಗಡು ಬಡಿದು ಮುಚ್ಚಿದರು. ಪುಷ್ಪರತ್ನ ಕಣ್ಣು ಬಿಟ್ಟ. ಅವಳು ಅವನ ಹೆಸರು ಕೂಗಲು ಬಾಯಿ ತೆರೆದಳು. ಸದ್ದೇ ಹೊರಡಲಿಲ್ಲ.

ವಿಗ್ರಹವನ್ನು ದುರಸ್ತಿಗೆ ಕೊಟ್ಟಿದ್ದವರು ಸುದ್ದಿ ಕೇಳಿ ಅದನ್ನು ಒಯ್ಯಲಿಲ್ಲ. ಅದು ದೇವರ ಕೋಣೆಯಲ್ಲೇ ಉಳಿಯಿತು. ಪುಷ್ಪರತ್ನ ದಿನಾ ಅದರ ಮುಂದೆ ಹೋಗಿ ಕೂರತೊಡಗಿದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಯಾಕೆಂದು ಸುಮಿನಾಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅವನ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಅವನು ಪೀಠಕ್ಕೆ ಕಿವಿಯಾನಿಸಿ ಅಳುತ್ತಿದ್ದ.

ಒಳಗಿನಿಂದ ಅವಳದೇ ದನಿ ಮೆಲ್ಲಗೆ ಹೇಳುತ್ತಿತ್ತು: “ಉಸಿರು ಕಟ್ತಿದೆ ಕಣ್ರೀ. ತೆಗೀರಿ. ನಿಮ್ಮ ಸುಮಿನಾ ನಾನು.”

ಅವಳು ಓಡಿ ಅವನ ಮಣಿಕಟ್ಟು ಹಿಡಿದಳು. ತಲೆ ಅಲ್ಲಾಡಿಸಿದಳು. ಬೇಡ, ಬೇಡ, ಬೇಡ. ಅದು ನಾನಲ್ಲ. ನಾನು ಇಲ್ಲಿದ್ದೀನಿ.

ಪುಷ್ಪರತ್ನ ತಿರುಗಿ ಅವಳನ್ನು ನೋಡಿದ. ಗುರುತೇ ಇಲ್ಲದವಳನ್ನು ನೋಡುವ ನೋಟ.

“ನನ್ನ ಹೆಂಡತಿ ಒಳಗಿದಾಳೆ. ಕೈ ಬಿಡು,” ಎಂದು ಅವಳನ್ನು ಆಚೆ ತಳ್ಳಿ, ತಗಡಿನ ಸಂದಿಗೆ ಉಳಿ ಇಟ್ಟ.