ಹಸ್ನಾಳ ಜಡೆ

"ಆ ಜಡೆ ಮುಟ್ಬೇಡ ಮಗಾ," ಎಂದಳು ಫಿದ್ದಾ ಮುದುಕಿ. "ಕುದುರೇನ ಎಷ್ಟು ಬೇಕಾದ್ರೂ ನೋಡು. ಜಡೆ ಮಾತ್ರ ಬಿಡು."

ಮುನೀಬ್ ನಕ್ಕ. ಪಶುವೈದ್ಯನಾಗಿ ಹಸಕಾ ಪಟ್ಟಣಕ್ಕೆ ಬಂದು ಅವನಿಗಿನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಖಾಬೂರ್ ಹೊಳೆಯಾಚೆಯ ಆ ಮಣ್ಣುಗೋಡೆಯ ಅಂಗಳದಲ್ಲಿ ನಿಂತಿದ್ದ ಗಝ್ಲಾ, ಫಿದ್ದಾಳ ಮನೆತನಕ್ಕೆ ಉಳಿದಿದ್ದ ಒಂದೇ ಹೆಣ್ಣುಕುದುರೆ. ತಾಯಿಯಿಂದ ಮಗಳಿಗೆ ಇಳಿಯುತ್ತ ಬಂದ ತಳಿ. ಇವತ್ತೋ ನಾಳೆಯೋ ಈಯುವಂತಿತ್ತು. ಅದರ ಜೂಲಿನೊಳಗೆ ಹೆಣೆದಿದ್ದ ಮನುಷ್ಯರ ಕೂದಲಿನ ತೆಳ್ಳನೆ ಜಡೆ, ಏಳು ಗಂಟಿನದು, ಕತ್ತನ್ನು ಉಜ್ಜಿ ಉಜ್ಜಿ ಹುಣ್ಣು ಮಾಡಿತ್ತು. ಹುಣ್ಣಿನಲ್ಲಿ ಹುಳು ಮಿಜಿಗುಡುತ್ತಿದ್ದವು.

"ಯಾರ ಕೂದಲು ಅಜ್ಜಿ?"

"ನನ್ನ ಮಗಳು ಹಸ್ನಾಂದು. ಒಬ್ಬರ ಮನೆಗೆ ಹೆಣ್ಣು ಕೊಡಲ್ಲ ಅಂದು ಬೇರೆ ಕಡೆ ಮದುವೆ ಮಾಡಿದ್ವಿ. ಅವರು ಅವಳ ಬಾಚಣಿಗೆ ಕೂದಲು ಕದ್ದು, ಒಂದೊಂದು ಗಂಟಿಗೂ ಉಸಿರು ಊದಿ, ಆಗ ನಾವಿದ್ದ ಡೇರೆ ಗೂಟದ ಬುಡದಲ್ಲಿ ಹೂತಿದ್ರು. ಹೆರಿಗೆಗೆ ಅಂತ ನಮ್ಮಲ್ಲಿಗೆ ಬಂದೋಳು ಮೂರು ದಿನ ನೋವು ತಿಂದು ಸತ್ತಳು. ಮಣ್ಣು ಮಾಡಿ ಬಂದ ಮೇಲೆ ಇದು ಸಿಕ್ತು. ಬೆಂಕೀಲೂ ಸುಡಲಿಲ್ಲ. ಅವತ್ತೇ ಹುಟ್ಟಿದ್ದ ಗಝ್ಲಾಗೆ ಕಟ್ದೆ. ಜೀವದ ಮೈಮೇಲೆ ಮಲಗಿರುತ್ತೆ ಅದು. ತೆಗೆದ್ರೆ, ತೆಗೆದೋರ ಮನೆ ಹುಡುಕ್ಕೊಂಡು ಹೋಗುತ್ತೆ. ಏಳನೇ ಗಂಟೂ ಬಿಚ್ಚಿದ್ರೆ ಜೀವ ತಗೊಳ್ಳುತ್ತೆ." ಅವಳು ತಡೆದು ಕೇಳಿದಳು: "ನಿನ್ನ ಮನೇಲಿ ಬಸುರಿ ಇದಾಳಾ?"

"ಹೆಂಡ್ತಿ. ಏಳು ತಿಂಗಳು."

ಹಗ್ಗ ಹಿಡಿದಿದ್ದ ಮಗ ಮುತ್ಲಕ್ ಮೆಲ್ಲಗೆ ಹೇಳಿದ, "ಕತ್ತರಿ ಒಳಗಿಡಿ ಡಾಕ್ಟ್ರೇ."

"ಇನ್ನೆರಡು ದಿನ ಬಿಟ್ರೆ ಹುಳ ಕತ್ತನ್ನೇ ತಿನ್ನುತ್ತೆ. ಆಗ ಯಾವ ಗಂಟು ಕಾಯುತ್ತೆ ನಿಮ್ಮನ್ನ?"

ಕತ್ತರಿ ಆಡಿತು. ಕುದುರೆ ಮೈ ನಡುಗಿಸಿ ದೀರ್ಘವಾಗಿ ಉಸಿರು ಬಿಟ್ಟಿತು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುನೀಬ್ ಹುಣ್ಣು ತೊಳೆದು ಔಷಧಿ ಹಚ್ಚಿದ. ಹೋಗುವ ದಾರಿಯಲ್ಲಿ ಜಡೆಯನ್ನು ಸೇತುವೆಯ ಮೇಲಿಂದ ಹೊಳೆಗೆ ಎಸೆದ.

ಆಮೇಲೆ ಅವನ ಕೈಗೆ ವಾಸನೆ ಹತ್ತಿತು. ಒದ್ದೆ ಕೂದಲು, ಮದರಂಗಿ, ಬಾಣಂತಿಗೆ ಬೇಯಿಸುವ ಮೆಂತ್ಯ. ಸ್ಪಿರಿಟ್ ಸುರಿದುಕೊಂಡರೂ ಹೋಗಲಿಲ್ಲ.

ಮನೆ ಬಾಗಿಲು ತೆರೆದಿತ್ತು. ಒಳಗೆ ಹೆಂಡತಿ ನದ್ವಾ ಹಲ್ಲುಕಚ್ಚಿ ನರಳುತ್ತಿದ್ದಳು. ಹಾಸಿಗೆ ಕೆಂಪಾಗಿತ್ತು.

"ಮಗು ತಿರುಗ್ತಾ ಇಲ್ಲ," ಎಂದಳು ನೆರೆಯವರು ಕರೆತಂದಿದ್ದ ಸೂಲಗಿತ್ತಿ. ಅವಳ ಮುಖ ಬಿಳಿಚಿತ್ತು. "ಯಾರೋ ಕಟ್ಟಿ ಹಿಡಿದ ಹಾಗಿದೆ. ಇದು ಇವಳ ಕಾಲಿಗೆ ಸುತ್ಕೊಂಡಿತ್ತು, ನೋಡಪ್ಪಾ."

ಅವಳ ಅಂಗೈಯಲ್ಲಿ ಜಡೆಯಿತ್ತು. ಹೊಳೆಯ ನೀರು ತೊಟ್ಟಿಕ್ಕುತ್ತಿತ್ತು. ಏಳರಲ್ಲಿ ಎರಡು ಗಂಟು ಬಿಚ್ಚಿದ್ದವು.

ಅವನು ಅದನ್ನು ಕಸಿದುಕೊಂಡು ಜೀಪಿಗೆ ಓಡಿದ.

ನಡುಮಧ್ಯಾಹ್ನಕ್ಕೇ ಕತ್ತಲಾಯಿತು. ಕೆಂಪು ಧೂಳು ಎದ್ದು ಸೂರ್ಯನನ್ನು ನುಂಗಿತು. ಗಾಜಿಗೆ ಮರಳು ಬಡಿಯಿತು. ಪಕ್ಕದ ಸೀಟಿನಲ್ಲಿ ಜಡೆ ಹೊರಳಿತು. ಮೂರನೆಯ ಗಂಟು ಬಿಚ್ಚಿತು. ಹಿಂದಿನಿಂದ ಯಾರೋ ತಿಣುಕುವ ಸದ್ದು. ಹೆರುವ ಹೆಂಗಸಿನ ಸದ್ದು. ತಿರುಗಿ ನೋಡಲಿಲ್ಲ. ನಾಲ್ಕು. ಜೀಪು ಸೇತುವೆ ದಾಟಿತು. ಐದು. ಕುತ್ತಿಗೆಗೆ ಬಿಸಿಯುಸಿರು ತಾಗಿತು. ಆರು.

ಅಂಗಳದಲ್ಲಿ ಮುತ್ಲಕ್ ಲಾಂದ್ರ ಹಿಡಿದು ನಿಂತಿದ್ದ. ಗಝ್ಲಾ ಆಗಷ್ಟೇ ಈದಿತ್ತು. ಗಂಡುಮರಿ ನಡುಗುವ ಕಾಲೂರಿ ಕೆಚ್ಚಲು ಹುಡುಕುತ್ತಿತ್ತು.

ಮುನೀಬ್ ಮುದುಕಿಯ ಕಾಲಿಗೆ ಬಿದ್ದ. "ನನ್ನ ಮೈಗೆ ಕಟ್ಟಿ ಅಜ್ಜಿ."

"ನಿನ್ನ ಮೈಗೆ ನಿಲ್ಲಲ್ಲ. ನನ್ನ ಮೈಗೂ ನಿಲ್ಲಲ್ಲ, ಅವತ್ತೇ ಕಟ್ಕೊಂಡು ನೋಡಿದೀನಿ. ಹೆರಬಲ್ಲ ಹೊಟ್ಟೆ ಬೇಕು ಅದಕ್ಕೆ." ಅವಳು ಕುದುರೆಯತ್ತ ನೋಡಿದಳು. "ಜಡೆ ಈಗ ಎದ್ದಿದೆ. ಇನ್ನು ಒಂದು ಜೀವ ತಿನ್ನದೆ ಮಲಗಲ್ಲ."

"ಬೇಡ ಅಮ್ಮಾ," ಎಂದ ಮುತ್ಲಕ್. "ಹುಟ್ಟಿರೋದು ಗಂಡು. ಇವಳು ಹೋದ್ರೆ ನಮ್ಮ ತಳೀನೇ ಹೋಯ್ತು."

"ಗೊತ್ತು ಕಣೋ." ಅವಳು ಜಡೆ ತೆಗೆದುಕೊಂಡಳು. "ಅಲ್ಲಿ ನರಳ್ತಿರೋಳೂ ಯಾರದೋ ಮಗಳು. ಡಾಕ್ಟ್ರೇ, ಕತ್ತು ಹಿಡ್ಕೋ."

ಅವನು ಹಿಡಿದ. ಮುದುಕಿ ಜಡೆಯನ್ನು ಜೂಲಿಗೆ ಹೆಣೆದು, ಬಿಚ್ಚಿದ್ದ ಆರು ಗಂಟುಗಳನ್ನೂ ಹಾಕಿದಳು. ಪ್ರತಿ ಗಂಟಿಗೂ ಕುದುರೆಯ ಕಿವಿಯಲ್ಲಿ ಮಗಳೊಡನೆ ಮಾತಾಡುವಂತೆ ಏನೋ ಹೇಳಿದಳು. ಗಝ್ಲಾ ಕೊಸರಲಿಲ್ಲ. ಮರಿಯ ಬೆನ್ನು ನೆಕ್ಕುತ್ತಲೇ ಇತ್ತು. ಆರನೆಯ ಗಂಟು ಬಿಗಿಯುತ್ತಲೇ ಮುಂಗಾಲು ಮಡಿಸಿತು. ಮುನೀಬನ ಬೆರಳುಗಳ ಕೆಳಗೆ ನಾಡಿ ಓಡಿತು, ತಡವರಿಸಿತು, ನಿಂತಿತು. ಮರಿ ಮಾತ್ರ ಮೊಲೆ ಬಿಡಲಿಲ್ಲ.

ಕುದುರೆಯನ್ನು ಜಡೆಯ ಸಮೇತ ಹೂತರು.

ನದ್ವಾ ಬದುಕಿದಳು. ಅಂಗೈಯಗಲದ ಹೆಣ್ಣುಮಗು, ಅದೂ ಬದುಕಿತು. ನಲವತ್ತು ದಿನ ಮುನೀಬ್ ಬೆಳಗಾಗುತ್ತಲೇ ಹೋಗಿ ತಬ್ಬಲಿ ಮರಿಗೆ ಒಂಟೆಹಾಲು ಕುಡಿಸಿ ಬಂದ. ಮುತ್ಲಕ್ ಅವನನ್ನು ಕಂಡೊಡನೆ ಅಂಗಳ ಬಿಟ್ಟು ಹೋಗುತ್ತಿದ್ದ. ಮರಿ ಹುಲ್ಲು ಕಚ್ಚತೊಡಗಿದ ದಿನ ಫಿದ್ದಾ ಅವನಿಗೆ ಕಾಫಿ ಕೊಟ್ಟು ಕೇಳಿದಳು:

"ಮಗು ಚೆನ್ನಾಗಿದೆಯಾ?"

"ಚೆನ್ನಾಗಿದೆ ಅಜ್ಜಿ. ಕರ್ಕೊಂಡು ಬರ್ತೀನಿ, ನಿಮ್ಮ ಮಡಿಲಿಗೆ ಹಾಕ್ತೀನಿ."

"ಬೇಡ. ಇನ್ಮೇಲೆ ನೀನೂ ಬರಬೇಡ ಮಗಾ." ಅವಳು ಕುದುರೆಯ ಖಾಲಿ ಗೂಟದತ್ತ ನೋಡುತ್ತಿದ್ದಳು. "ನಿನ್ನ ಕಂಡಾಗೆಲ್ಲ ನಾಲಿಗೆ ಹಿಡ್ಕೋತಿದೀನಿ. ಎಲ್ಲಿ ಒಂದು ದಿನ ಆ ಕೂಸಿಗೆ ಶಾಪ ಹಾಕಿಬಿಡ್ತೀನೋ ಅಂತ ನನಗೇ ಭಯ."