ಕತ್ತರಿ ತಾತನ ಸಾಹುಕಾರ

ಚಳಿ ಮುಗಿದು ಬಿಸಿಲು ಚುರುಕಾಗತೊಡಗಿದ್ದ ದಿನಗಳು. ಶನಿವಾರ, ಶಾಲೆ ಅರ್ಧ ದಿನಕ್ಕೇ ಬಿಟ್ಟಿತ್ತು. ಊಟಕ್ಕೆ ಇನ್ನೂ ಹೊತ್ತಿತ್ತು.

"ಕತ್ತು ಅಲ್ಲಾಡಿಸಬೇಡ ಮರಿ. ಸಾಹುಕಾರ ಏನ್ ಮಾಡ್ತಿದ್ದಾನೆ ನೋಡು," ಎಂದರು ಕತ್ತರಿ ತಾತ.

ದೊಡ್ಡ ಕುರ್ಚಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಪುಟ್ಟಕ್ಕನ ತಮ್ಮ ಕುಳಿತಿದ್ದ. ಅಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಎದುರಿಗೆ ನಾಲ್ಕಡಿ ಉದ್ದದ ಗಾಜಿನ ಟ್ಯಾಂಕು. ಅದರಲ್ಲಿ ಅಂಗೈಯಗಲದ ಕಿತ್ತಳೆ ಬಣ್ಣದ ಮೀನು. ಊಟ ಮುಗಿಸಿ ಅಡ್ಡಾಡುವ ದೊಡ್ಡ ಮನುಷ್ಯನ ಹಾಗೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗಿ ಬರುತ್ತಿತ್ತು. ಅದಕ್ಕೇ ಅದರ ಹೆಸರು ಸಾಹುಕಾರ. ಆ ಬೀದಿಯ ಮಕ್ಕಳೆಲ್ಲ ಸಾಹುಕಾರನನ್ನು ನೋಡುತ್ತಲೇ ಕೂದಲು ಕತ್ತರಿಸಿಕೊಂಡವರು. ಪುಟ್ಟಕ್ಕನೂ ಹಾಗೇ. ಅವಳ ಅಪ್ಪನೂ ಹಾಗೇ.

"ತಾತ, ಅಂಗಡಿ ನಿಜವಾಗ್ಲೂ ಮುಚ್ತೀರಾ?" ಎಂದು ಕೇಳಿದಳು ಪುಟ್ಟಕ್ಕ.

"ಮೊಣಕಾಲು ಕೇಳಬೇಕಲ್ಲಮ್ಮ! ನಿಂತು ಮಾಡೋ ಕೆಲಸ. ಬುಧವಾರ ತಂಗಿ ಊರಿಗೆ ಹೋಗ್ತೀನಿ. ಅವಳ ಮನೇಲಿ ನಾನು ಕಾಲು ಚಾಚೋಕೇ ಜಾಗ ಸಾಲದು. ಇವನಿಗೆಲ್ಲಿ?"

"ಹಾಗಾದ್ರೆ ಸಾಹುಕಾರ?"

"ಬಸ್ ಸ್ಟ್ಯಾಂಡ್ ಹೋಟೆಲಿನವರು ಟ್ಯಾಂಕು ಕೇಳಿದ್ದಾರೆ. ಒಳಗೆ ಕೇಕು, ಬಿಸ್ಕತ್ತು ಜೋಡಿಸ್ತಾರಂತೆ. ಮೀನು ಬೇಡವಂತೆ. ಸೋಮವಾರ ಬರ್ತಾರೆ."

ಪುಟ್ಟಕ್ಕ ಟ್ಯಾಂಕಿಗೆ ಅಡ್ಡ ಬಂದು ನಿಂತಳು. "ನಮಗೆ ಕೊಡಿ ತಾತ! ನಾವು ತಗೋತೀವಿ!"

"ನಿಮ್ಮಪ್ಪನ್ನ ಕೇಳು. ನೀರು ತುಂಬಿದ ಮೇಲೆ ಇದರ ಭಾರ ಆಟದ ಮಾತಲ್ಲ."

ಅಪ್ಪ ಬಡಗಿ. ಊಟದ ಹೊತ್ತಿಗೆ ಮರದ ಪುಡಿ ಕೊಡವಿಕೊಂಡು ಬಂದರು. ಪುಟ್ಟಕ್ಕ ಹೇಳಿ ಮುಗಿಸುವ ಮೊದಲೇ ಅಮ್ಮ ಶುರು ಮಾಡಿದರು.

"ನೀರು ಬದಲಾಯಿಸೋರು ಯಾರು? ಮೊದಲನೇ ವಾರ ನೀನು. ಎರಡನೇ ವಾರದಿಂದ ನಾನು. ನಂಗೊತ್ತಿಲ್ವಾ?"

ಅಪ್ಪ ಮಾತ್ರ ತುತ್ತು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದರು. "ಚಿಕ್ಕವನಿದ್ದಾಗ ಒಂದ್ಸಲ ಹೇನು ಜಾಸ್ತಿ ಅಂತ ನನ್ನ ತಲೆ ಬೋಳಿಸಿದ್ರು ಕಣೇ. ನಾನು ಅಳ್ತಿದ್ರೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾಹುಕಾರನೊಬ್ಬ ನಗಲಿಲ್ಲ," ಎಂದರು.

"ಮೀನು ಎಲ್ಲಾದರೂ ನಗುತ್ತೇನ್ರೀ?" ಎಂದರು ಅಮ್ಮ. ಆದರೆ ಅವರ ದನಿ ಆಗಲೇ ಮೆತ್ತಗಾಗಿತ್ತು.

ಅಪ್ಪ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಮರದ ಚೂರಿನ ಮೇಲೆ ಲೆಕ್ಕ ಹಾಕಿದರು. ನೀರು, ಗಾಜು, ಕಲ್ಲು, ಸ್ಟ್ಯಾಂಡು, ಎಲ್ಲ ಸೇರಿ ಮುನ್ನೂರೈವತ್ತು ಕಿಲೋ. ಅವರದು ಮಹಡಿ ಮನೆ. ನೆಲ ಹಲಗೆಯದು.

"ತಡೆಯುತ್ತೋ ಇಲ್ಲವೋ, ಬರೀ ಲೆಕ್ಕದಲ್ಲಿ ಗೊತ್ತಾಗಲ್ಲ. ನಾಳೆ ಅಷ್ಟೇ ಭಾರಕ್ಕೆ ಜನರನ್ನ ನಿಲ್ಲಿಸಿಯೇ ನೋಡೋಣ," ಎಂದರು.

ಭಾನುವಾರ ಬೆಳಿಗ್ಗೆ ಗಾರೆ ಕೆಲಸದ ಮಾಮ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂದರು. ಹಾಲಿನಣ್ಣ ಕ್ಯಾನು ಕೆಳಗಿಟ್ಟು ಹತ್ತಿ ಬಂದ. ಕೆಳಗಿನ ಮನೆ ದೊಡ್ಡಮ್ಮನೂ ಏದುಸಿರು ಬಿಡುತ್ತಾ ಬಂದರು.

"ನೆಲ ಮುರಿದರೆ ಬೀಳೋದು ನನ್ನ ಅಡುಗೆಮನೆಗೆ! ನಾನು ನೋಡಲೇಬೇಕು," ಎಂದರು.

ಅಪ್ಪ ಕಿಟಕಿಯ ಹತ್ತಿರ ನೆಲದ ಮೇಲೆ ಸೀಮೆಸುಣ್ಣದಿಂದ ಟ್ಯಾಂಕಿನಷ್ಟೇ ಉದ್ದಗಲದ ಗೆರೆ ಎಳೆದರು. ಗೆರೆಯ ಪಕ್ಕ ಒಂದು ಲೋಟ ಇಟ್ಟು ಅಂಚಿನ ತನಕ ನೀರು ತುಂಬಿದರು. "ಒಬ್ಬೊಬ್ಬರೇ ಮೆಲ್ಲಗೆ ಗೆರೆ ಒಳಗೆ ಬನ್ನಿ. ನೀರು ಚೆಲ್ಲಿದರೆ ನೆಲ ಬಗ್ಗಿತು ಅಂತ."

ಮಾಮ ನಿಂತರು. ಅವರ ತಮ್ಮಂದಿರು ನಿಂತರು. ಅಮ್ಮ, ಹಾಲಿನಣ್ಣ ನಿಂತರು. ಲೋಟದ ನೀರು ಅಂಚಿನಲ್ಲಿ ನಡುಗಿತು.

"ನನ್ನನ್ನ ಒಂದು ಅಂತ ಎಣಿಸಬೇಡಪ್ಪ. ಎರಡು ಅಂತ ಬರ್ಕೋ," ಎಂದು ದೊಡ್ಡಮ್ಮ ಒಂದು ಕಾಲಿಟ್ಟರು. ನೀರು ಲೋಟದ ಒಂದೇ ಕಡೆಯಿಂದ ಹರಿದು ನೆಲಕ್ಕೆ ಇಳಿಯಿತು.

"ಈಚೆ ಬನ್ನಿ, ಈಚೆ ಬನ್ನಿ!" ಎಂದರು ಅಪ್ಪ.

ಪುಟ್ಟಕ್ಕ ಮುಖ ತಿರುಗಿಸಿಕೊಂಡು ನಿಂತಳು. ಕೇಕು, ಬಿಸ್ಕತ್ತು ತುಂಬಿದ ಟ್ಯಾಂಕು ಕಣ್ಣ ಮುಂದೆ ಬಂತು.

ಅಪ್ಪ ಮಾತ್ರ ಮಂಡಿಯೂರಿ ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ, ಕಿವಿಗೊಡುತ್ತಾ ಗೋಡೆಯವರೆಗೂ ಹೋದರು. ಬೀರುವಿನ ಹತ್ತಿರ ಸದ್ದು ಬೇರೆಯಾಯಿತು. "ತೊಲೆಗಳು ಗೋಡೆಯೊಳಗೆ ಕೂತಿರೋದು ಇಲ್ಲಿ, ಭಾರ ತಡೆಯೋದೂ ಇಲ್ಲೇ. ಬೀರು ಸರಿಸಿ!"

ಬೀರು ಕಿಟಕಿಯ ಕಡೆಗೆ ಹೋಯಿತು. ಮತ್ತೆ ಗೆರೆ, ಮತ್ತೆ ಲೋಟ. ಈ ಸಲ ದೊಡ್ಡಮ್ಮ ಎರಡೂ ಕಾಲಿಟ್ಟರೂ ಒಂದು ಹನಿ ಚೆಲ್ಲಲಿಲ್ಲ.

"ಹತ್ತು ನಿಮಿಷ ಹಾಗೇ ನಿಂತಿರಿ," ಎಂದರು ಅಪ್ಪ.

ಆರು ಜನ ಭುಜಕ್ಕೆ ಭುಜ ಒತ್ತಿಕೊಂಡು ನಿಂತರು. ಸುಮ್ಮನೆ ಎಷ್ಟು ಹೊತ್ತು ನಿಂತಾರು? ಮಾತು ಸಾಹುಕಾರನ ಕಡೆಗೆ ಹೊರಳಿತು.

"ನಾನು ಚಿಕ್ಕವನಿದ್ದಾಗ ಅವನ ಬೆನ್ನ ಮೇಲಿನ ಕಪ್ಪು ಚುಕ್ಕೆ ಎಣಿಸ್ತಾ ಕೂರ್ತಿದ್ದೆ. ಮೂರಿತ್ತು," ಎಂದರು ಗಾರೆ ಮಾಮ.

"ಎಲ್ಲಿಯ ಚುಕ್ಕೆ ಮಾರಾಯ? ಬೆನ್ನು ಕಿತ್ತಳೆ, ಹೊಟ್ಟೆ ಬಿಳಿ. ನಂಗೆ ಚೆನ್ನಾಗಿ ನೆನಪಿದೆ," ಎಂದರು ಅಪ್ಪ.

"ಇಬ್ಬರೂ ಸುಮ್ನಿರಿ. ನನ್ನ ಮಗನ್ನ ಕರ್ಕೊಂಡು ಹೋಗ್ತಿದ್ದಾಗ ಅವನ ಬಾಲ ಬೀಸಣಿಗೆ ಹಾಗೆ ಬಿಚ್ಚಿಕೊಳ್ತಿತ್ತು," ಎಂದರು ದೊಡ್ಡಮ್ಮ.

ಎಲ್ಲರೂ ನಗುತ್ತಾ ಜಗಳವಾಡಿದರು. ಪುಟ್ಟಕ್ಕ ನಗಲಿಲ್ಲ. ನಿನ್ನೆ ನೋಡಿದ ಸಾಹುಕಾರನಿಗೆ ಚುಕ್ಕೆ ಇರಲಿಲ್ಲ. ಹೊಟ್ಟೆ ಬಿಳಿ ಇರಲಿಲ್ಲ. ಬಾಲ ಮೊಂಡು.

ಅವಳು ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಕತ್ತರಿ ತಾತ ಒಬ್ಬರೇ ಬಾಚಣಿಗೆಗಳನ್ನು ಒರೆಸುತ್ತಿದ್ದರು.

"ತಾತ, ಸಾಹುಕಾರನಿಗೆ ಎಷ್ಟು ವರ್ಷ?"

ತಾತ ಅವಳನ್ನೇ ನೋಡಿದರು. "ಇವನಿಗೆ ನಾಲ್ಕು."

"ಇವನಿಗೆ ಅಂದ್ರೆ?"

"ಇವನು ಒಂಬತ್ತನೆಯವನು." ತಾತ ಕುರ್ಚಿಯಲ್ಲಿ ಕುಳಿತರು. ಅವರು ಅಲ್ಲಿ ಕುಳಿತಿದ್ದನ್ನು ಪುಟ್ಟಕ್ಕ ಎಂದೂ ನೋಡಿರಲಿಲ್ಲ. "ಮೊದಲನೆಯವನು ಸತ್ತ ದಿನ ಒಂದು ಮಗು ಬ್ರೆಡ್ಡಿನ ಚೂರು ಹಿಡ್ಕೊಂಡು ಬಾಗಿಲಲ್ಲಿ ನಿಂತಿತ್ತು, ಅವನಿಗೆ ಹಾಕೋಕೆ. ಸತ್ತ ಅನ್ನೋಕೆ ಬಾಯಿ ಬರಲಿಲ್ಲ ನಂಗೆ. ಸಾಹುಕಾರ ಊರಿಗೆ ಹೋಗಿದ್ದಾನೆ, ನಾಳೆ ಬರ್ತಾನೆ ಅಂದುಬಿಟ್ಟೆ. ಅಂದ ಮೇಲೆ ತರಲೇಬೇಕಲ್ಲ? ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಬಣ್ಣದ ಮೀನಿನಂಗಡಿಗೆ ಹೋಗಿ ಅದೇ ಥರದ್ದು ತಂದೆ. ಆಮೇಲೆ ಅದೇ ರೂಢಿಯಾಯ್ತು. ಎಷ್ಟು ಹುಡುಕಿದರೂ ಪೂರ್ತಿ ಹೋಲೋದು ಸಿಗ್ತಿರಲಿಲ್ಲ."

"ಎಲ್ಲರಿಗೂ ಸುಳ್ಳು ಹೇಳಿದ್ರಿ!"

"ಹೌದು," ಎಂದರು ತಾತ. ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟು ಕೇಳಿದರು, "ಈಗ ಹೇಳಮ್ಮ, ಬೇಕಾ ಬೇಡವಾ? ಬೇಡ ಅಂದ್ರೆ ನಂಗೇನೂ ಬೇಜಾರಿಲ್ಲ."

ಪುಟ್ಟಕ್ಕ ಟ್ಯಾಂಕಿನ ಹತ್ತಿರ ಹೋದಳು. ಅಪ್ಪನನ್ನು ನೋಡಿದ ಮೀನು ಇದಲ್ಲ. ತನ್ನ ಮೊದಲ ಕಟಿಂಗಿನ ದಿನ ಇದ್ದದ್ದೂ ಇದಲ್ಲ. ಅದು ಯಾವಾಗ ಹೋಯಿತೋ, ಇದು ಯಾವಾಗ ಬಂತೋ. ಅವಳಿಗೂ ಗೊತ್ತಾಗಿರಲಿಲ್ಲ.

ಮೀನು ಗಾಜಿನ ಹತ್ತಿರ ಬಂದು, ಅವಳ ಮೂಗಿನೆದುರು ನಿಂತು ಬಾಯಿ ತೆರೆದು ಮುಚ್ಚಿತು. ತಾನು ಒಂಬತ್ತನೆಯವನೆಂದು ಅದಕ್ಕೆ ಗೊತ್ತಿರಲಿಲ್ಲ.

"ಬೇಕು," ಎಂದಳು ಪುಟ್ಟಕ್ಕ.

ಆ ಸಂಜೆಯೇ ಎಲ್ಲ ಸೇರಿ ಟ್ಯಾಂಕನ್ನು ಮಹಡಿಗೆ ಹೊತ್ತು ತಂದರು. ಅಮ್ಮ ಕಲ್ಲುಗಳನ್ನು ಸೋಪು ಹಾಕಿ ತಿಕ್ಕಲು ಕೂತಾಗ ತಾತ ಕುಂಟುತ್ತಲೇ ಧಾವಿಸಿ ಬಂದರು. "ಅಯ್ಯೋ ತಾಯಿ, ಬಿಡಿ! ಆ ಪಾಚಿ ಇದ್ರೇನೇ ನೀರು ಹದವಾಗಿರೋದು." ಹಳೆಯ ನೀರನ್ನೂ ಬಕೆಟುಗಳಲ್ಲಿ ತಂದು ಅರ್ಧ ಟ್ಯಾಂಕು ತುಂಬಿದರು. ಉಳಿದದ್ದಕ್ಕೆ ಹಂಡೆಗಳಲ್ಲಿ ನೀರು ಹಿಡಿದಿಟ್ಟು, ಎರಡು ದಿನ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಹಾಕಿದರು. ಎಷ್ಟು ಕೊಡಬೇಕೆಂದು ಅಪ್ಪ ಕೇಳಿದ್ದಕ್ಕೆ ತಾತ, "ಕತ್ತರಿಗಳನ್ನಿಡೋಕೆ ಒಂದು ಪೆಟ್ಟಿಗೆ ಮಾಡಿಕೊಡಪ್ಪ, ಸಾಕು," ಎಂದರು.

ಮಂಗಳವಾರ ಸಂಜೆ ಪೆಟ್ಟಿಗೆ ತೆಗೆದುಕೊಂಡು ಹೋಗಲು ತಾತ ಬಂದಾಗ ಟ್ಯಾಂಕು ತುಂಬಿತ್ತು. ಅಪ್ಪ ಅದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು, ತಮ್ಮನ ಹಾಗೇ.

"ನೋಡಿ ತಾತ, ನನ್ನ ಗುರುತು ಹಿಡಿದ!" ಎಂದರು.

ತಾತ ಪೆಟ್ಟಿಗೆಯ ಮುಚ್ಚಳವನ್ನೇ ಸವರುತ್ತಾ ನಿಂತರು.

"ಅಕ್ಕ, ಅಪ್ಪ ಅತ್ತಿದ್ದು ನೋಡಿದ ಮೀನು ಇದೇನಾ?" ಎಂದು ತಮ್ಮ ಕೇಳಿದ.

ಪುಟ್ಟಕ್ಕ ಅಪ್ಪನ ಮುಖ ನೋಡಿದಳು. ಅಂಥ ಚಿಕ್ಕ ಹುಡುಗನ ಮುಖ ಅವರಿಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಹೂಂ ಕಣೋ. ಇವನೇ," ಎಂದಳು.

ತಾತನನ್ನು ಬೀದಿಯ ತನಕ ಬಿಟ್ಟುಬರಲು ಅವಳೇ ಇಳಿದುಹೋದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು, ಯಾರಿಗೂ ಕೇಳದ ಹಾಗೆ ಕೇಳಿದಳು:

"ತಾತ, ಆ ಮೀನಿನಂಗಡಿಗೆ ಯಾವ ಬಸ್ಸು?"

ತಾತ ಬಗ್ಗಿ ಅವಳ ಕಿವಿಯಲ್ಲಿ ನಂಬರು ಹೇಳಿದರು. ಮಾರನೆಯ ದಿನ, ಬುಧವಾರ ಬೆಳಿಗ್ಗೆ, ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ, ಕತ್ತರಿ ತಾತ ಊರು ಬಿಟ್ಟು ಹೋದರು.