ಬಂಧುಗಳ ಕೋಣೆಯ ಪರದೆ

"ಇವಳೇ ಟಿವಿ ಆರಿಸಿದ್ದು! ನನ್ನ ಮಗನ ಕೊನೇ ಉಸಿರು ನೋಡೋಕೂ ಬಿಡ್ಲಿಲ್ಲ."

ಆಸ್ಪತ್ರೆಯ ಬಂಧುಗಳ ಕೋಣೆಯಲ್ಲಿ ತಾಯಿ ಸೊಸೆಯತ್ತ ಬೆರಳು ಚಾಚಿ ನಿಂತಿದ್ದಳು. ಸೋಂಕಿನ ವಾರ್ಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಕ್ಯಾಮೆರಾ ಕಳಿಸುವ ಚಿತ್ರವನ್ನೇ ಮನೆಯವರು ಇಲ್ಲಿ ಕೂತು ನೋಡಬೇಕು. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಗೋಡೆಯ ಟಿವಿ ಕಪ್ಪಾಯಿತು. ಎರಡು ನಿಮಿಷದ ಮೇಲೆ ಚಿತ್ರ ಮರಳಿದಾಗ ನರ್ಸ್ ಮಗನ ಮುಖಕ್ಕೆ ಬಟ್ಟೆ ಎಳೆಯುತ್ತಿದ್ದಳು.

ದೂರು ಕೇಳಿ ಆಸ್ಪತ್ರೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಹಿರಿಯಳು ಬಂದಳು; ದೋಷ ಪತ್ತೆಹಚ್ಚುವ ಅವಳನ್ನು ಎಲ್ಲರೂ ಪತ್ತೆಯಕ್ಕ ಎನ್ನುತ್ತಿದ್ದರು. ಆರು ವರ್ಷದಿಂದ ಅವಳ ನೆರಳಾಗಿದ್ದ ಸಹಾಯಕಿಯೂ ಜೊತೆಗೆ ಬಂದಿದ್ದಳು.

"ಆಮೇಲೆ ಟಿವಿ ಹಾಕಿದ್ದು ಯಾರಮ್ಮಾ?" ಪತ್ತೆಯಕ್ಕ ಕೇಳಿದಳು.

"ಯಾರೂ ಇಲ್ಲ. ತಾನಾಗೇ ಬಂತು."

"ಹನ್ನೊಂದೂ ಹತ್ತಕ್ಕೆ ನೀನೇನು ಮಾಡ್ತಿದ್ದೆ ಮಗಳೇ?"

ಸೊಸೆ ತಲೆ ಎತ್ತಲಿಲ್ಲ. "ಹೊರಗೆ ಟ್ಯಾಬ್ಲೆಟ್‌ನಲ್ಲಿ ನೋಡ್ತಿದ್ದೆ. ಅವರು ಒದ್ದಾಡೋದು ನೋಡೋಕಾಗ್ಲಿಲ್ಲ. ಅದರಲ್ಲಿ ಚಿತ್ರ ಮುಚ್ಚಿಬಿಟ್ಟೆ."

"ಕೇಳಿದ್ರಾ? ಬಾಯಿಬಿಟ್ಲು!" ಎಂದಳು ತಾಯಿ.

ಪತ್ತೆಯಕ್ಕ ಟಿವಿಯ ಹಿಂದೆ ಬಗ್ಗಿದಳು. ಗೋಡೆಯಿಂದ ಒಂದೇ ತಂತಿ. ಅದರ ತುದಿಗೆ ಪುಟ್ಟ ಪೆಟ್ಟಿಗೆ. ಅಲ್ಲಿಂದ ಟಿವಿಗೊಂದು ಕವಲು, ಟ್ಯಾಬ್ಲೆಟ್ ಹಿಡಿಯುವ ವೈಫೈಗೊಂದು. "ಯಂತ್ರದ ದಾಖಲೆ ಓದೇ," ಎಂದಳು.

ಸಹಾಯಕಿ ಓದಿದಳು. "ಹನ್ನೊಂದೂ ಹತ್ತು, ಟ್ಯಾಬ್ಲೆಟ್ ನೋಡುಗರ ಗುಂಪು ಬಿಟ್ಟಿತು. ಅದೇ ಕ್ಷಣ ತಂತಿಗೆ ಚಿತ್ರ ನಿಂತಿತು. ಹನ್ನೊಂದೂ ಹನ್ನೆರಡು, ಹಾಜರಿ. ಟಿವಿ ಉತ್ತರಿಸಿತು..." ಅವಳು ಮೊದಲ ಸಾಲಿಗೆ ಮರಳಿ ಮತ್ತೊಮ್ಮೆ ಓದಿಕೊಂಡಳು.

ನರ್ಸನ್ನೂ ಕರೆಸಿ ಕೂರಿಸಿ ಪತ್ತೆಯಕ್ಕ ಹೇಳಿದಳು: "ಚಿತ್ರ ಒಂದೇ, ನೋಡೋರು ಹಲವರು. ಗುಂಪಿಗೆ ಸೇರಿದೋರ ತಂತಿಗಷ್ಟೇ ನಮ್ಮ ಯಂತ್ರ ಚಿತ್ರ ಕಳಿಸತ್ತೆ. ಎರಡು ನಿಮಿಷಕ್ಕೊಮ್ಮೆ ಹಾಜರಿ ಕರೆಯತ್ತೆ. ಆಗ ಟಿವಿ 'ಇದ್ದೀನಿ' ಅಂತು, ಚಿತ್ರ ತಾನಾಗೇ ಬಂದದ್ದು ಅದಕ್ಕೇ. ಟಿವಿ ಯಾರೂ ಮುಟ್ಟಿಲ್ಲ. ಒಬ್ಬರು ಹೊರಟರೆ, ಆ ತಂತೀಲಿ ಇನ್ನಾರಾದ್ರೂ ಇದ್ದೀರಾ ಅಂತ ಯಂತ್ರ ಕೇಳಬೇಕು. ಎರಡು ಸೆಕೆಂಡು ಕಾಯಬೇಕು. ಇಲ್ಲಿ ಕೇಳ್ಲೇ ಇಲ್ಲ, ಟ್ಯಾಬ್ಲೆಟ್ ಹೊರಟಿದ್ದೇ ಟಿವಿಗೂ ಚಿತ್ರ ನಿಲ್ಲಿಸ್ತು. ತಂತಿಗೊಬ್ಬರೇ ನೋಡೋರು, ಕೇಳೋದು ಬೇಡ ಅಂತ ಯಾರೋ ಯಂತ್ರದಲ್ಲಿ ಒಂದು ಸಾಲು ಬರೆದಿಟ್ಟಿದ್ದಾರೆ."

"ಯಾರು?" ನರ್ಸ್ ಕೇಳಿದಳು.

ಪತ್ತೆಯಕ್ಕನಿಗೆ ಗೊತ್ತಿತ್ತು.

"ನಾನು," ಎಂದಳು ಸಹಾಯಕಿ. "ಜಾಲದ ಹೊರೆ ಬೇಗ ಇಳೀಲಿ ಅಂತ. ಕೋಣೇಲಿ ಟಿವಿ ಒಂದೇ ಇರತ್ತೆ ಅಂದ್ಕೊಂಡೆ." ಹೋದ ತಿಂಗಳು ಆ ಎರಡು ಸೆಕೆಂಡು ಅವಳಿಗೆ ದಂಡವೆನಿಸಿತ್ತು, ಉಳಿಸಿದ್ದಕ್ಕೆ ಶಹಬ್ಬಾಸ್ ಕೂಡ ಸಿಕ್ಕಿತ್ತು.

ತಾಯಿ ಅವಳತ್ತ ತಿರುಗಲೇ ಇಲ್ಲ. ಸೊಸೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನೀನೂ ನೋಡ್ಲಿಲ್ವೇನೇ?"

"ಇಲ್ಲ ಅತ್ತೆ."

ತಾಯಿ ಬೆಂಚಿನ ಮೇಲೆ ಒಂದಿಷ್ಟು ಸರಿದಳು. ಸೊಸೆ ಬಂದು ಪಕ್ಕದಲ್ಲಿ ಕೂತಳು. ಎದುರಿನ ಪರದೆಯಲ್ಲಿ ಖಾಲಿ ಹಾಸಿಗೆ.

ತನ್ನ ಮೇಜಿಗೆ ಮರಳಿ ಸಹಾಯಕಿ ಆ ಒಂದು ಸಾಲನ್ನು ಅಳಿಸಿದಳು. ಹಾಜರಿಯ ಹೊತ್ತಾಯಿತು. ಬಂಧುಗಳ ಕೋಣೆಯ ಟಿವಿಯಿಂದ ಉತ್ತರ ಬಂತು.

"ಖಾಲಿ ಹಾಸಿಗೆ ಅಕ್ಕಾ. ಚಿತ್ರ ನಿಲ್ಲಿಸ್ಲಾ?"

"ಬೇಡ. ಅವರಾಗಿ ಏಳೋವರೆಗೂ ಇರ್ಲಿ."